ಬೆನ್ನುಹುರಿ ಕೊಟ್ಟ ಅಪ್ಪಣೆ

ಹಲೋ... ಹಲೋ, ಯಾರು ಮಾತಾಡ್ತಿರೋದು? ... ನೀನೇನೋ? ಇದ್ಯಾರ ನಂಬರು, ಬೇಕರಿದಾ? ತಮ್ಮಾ, ಅಕ್ಕ ಪಾಠ ಮಾಡ್ತಿದೀನಿ ಕಣೋ. ನರ್ಸಿಂಗ್ ಹುಡುಗೀರು ನಲವತ್ತು ಜನ ಬಾಯಿ ಬಿಟ್ಕೊಂಡು ಕೂತಿದಾರೆ. ಸಂಜೆ ಮಾಡ್ತೀನಿ...

ಏನು? ... ತಾಳು, ವರಾಂಡಕ್ಕೆ ಬಂದೆ. ಯಾರನ್ನ ಹೊಡ್ದೆ? ... ಯಜಮಾನನ್ನಾ? ಅಯ್ಯೋ ನಿನ್ನ! ಯಾವುದ್ರಲ್ಲಿ? ... ಟ್ರೇ ಎಳೆಯೋ ಕಬ್ಬಿಣದ ಕೊಕ್ಕೇಲಾ? ತಲೆಗಾ?

...

ಹಾಂ... ಕಾದ ಟ್ರೇ ತಂದು ನಿನ್ನ ತೋಳಿಗೆ ಒತ್ತಿದ್ನಾ? ಬೇಕಂತಲೇ? ಬ್ರೆಡ್ಡು ಸೀದಿದ್ದಕ್ಕೆ? ಅವನ ಕೈ ಸೇದಿಹೋಗ! ಚರ್ಮ ಟ್ರೇಗೇ ಅಂಟ್ಕೊಂಡು ಬಂತಾ? ... ಅಯ್ಯಪ್ಪಾ.

...

ಕೈ ತಾನಾಗೇ ಎದ್ದುಬಿಡ್ತಾ? ಪೊಲೀಸರ ಹತ್ರ ನಾನು ಹಾಗಂತ ಹೇಳ್ಬೇಕಾ? ... ಕೇಳಿಲ್ಲಿ. ಸುಟ್ಟ ಸುದ್ದಿ ನರದಲ್ಲಿ ಬೆನ್ನುಹುರಿಗೆ ಓಡುತ್ತೆ. ಅದು ಮೆದುಳನ್ನ ಕೇಳ್ತಾ ಕೂರಲ್ಲ, ಇನ್ನೊಂದು ನರದಲ್ಲಿ ಅಪ್ಪಣೆ ಕಳಿಸಿ ಕೈ ಹಿಂದಕ್ಕೆ ಎಳೆಸಿಬಿಡುತ್ತೆ. ಉರಿ ಗೊತ್ತಾಗೋದೇ ಆಮೇಲೆ. ಅಲ್ಲಿಗೆ ಅದರ ಕೆಲಸ ಮುಗೀತು. ಕೊಕ್ಕೆ ಎಲ್ಲಿತ್ತು? ... ಒಲೆಯಿಂದ ಆಚೆ? ಹಾಗಾದ್ರೆ ನಾಲ್ಕು ಹೆಜ್ಜೆ ನಡ್ಕೊಂಡು ಹೋಗಿ ತಂದೆ, ಅಲ್ವಾ? ಎಷ್ಟು ಏಟು? ... ಮೂರು. ಮೂರು ಸಲ ಎತ್ತಿ ಎತ್ತಿ ಹೊಡೆಯೋದು ಬೆನ್ನುಹುರಿಗೆ ಗೊತ್ತಿಲ್ಲ ಕಣೋ.

...

ಅಳ್ಬೇಡ. ಉಸಿರಿದೆಯಾ ಅವನಿಗೆ? ... ಗೊತ್ತಾಗ್ತಿಲ್ವಾ? ಚಿವುಟಿದ್ರೆ ಕಾಲು ಎಳ್ಕೊಂಡ್ನಾ? ಅದನ್ನ ನಂಬ್ಕೊಂಡು ಕೂರ್ಬೇಡ. ಮೆದುಳು ಸತ್ತಿದ್ರೂ ಕಾಲು ಎಳ್ಕೊಳ್ಳುತ್ತೆ. ಒಲೆಯೊಳಗೆ ನೋಡೋ ಟಾರ್ಚ್ ಇದೆಯಲ್ಲ, ತಗೋ. ರೆಪ್ಪೆ ಎತ್ತಿ ಬೆಳಕು ಬಿಡು. ತಲೆ ಅಲ್ಲಾಡಿಸ್ಬೇಡ... ಕಣ್ಣಪಾಪೆ ಚಿಕ್ಕದಾಯ್ತಾ? ... ಆ ಕಣ್ಣು? ... ಎರಡೂನಾ? ಸರಿಯಾಗಿ ನೋಡಿದ್ಯಾ?

ಅಬ್ಬಾ! ಪಾಪೆಗೆ ಅಪ್ಪಣೆ ಮೆದುಳಿಂದಲೇ ಬರ್ಬೇಕು, ಬದುಕಿದಾನೆ. ನೀನೂ ಬದುಕಿದೆ ಅನ್ಕೋ, ಮುಟ್ಠಾಳ! ಆಂಬುಲೆನ್ಸಿಗೆ ಇಲ್ಲಿಂದ ಹುಡುಗೀರ ಕೈಲಿ ಹೇಳ್ಸಿದೀನಿ, ಹತ್ತು ನಿಮಿಷದಲ್ಲಿ ಬರುತ್ತೆ. ನಿನ್ನ ತೋಳಿಗೆ ತಣ್ಣೀರು ಬಿಡ್ತಾ ಕೂತ್ಕೋ. ಯಾರು ಕೇಳಿದ್ರೂ ಟ್ರೇ ಒತ್ತಿದ್ದೂ ಹೇಳು, ಮೂರು ಏಟೂ ಹೇಳು. ನಾನು ಬರ್ತಿದೀನಿ...

...

ಯಾರದು ನರಳ್ತಿರೋದು? ... ಕಣ್ಣು ಬಿಟ್ನಾ? ಒಳ್ಳೇದಾಯ್ತಲ್ಲೋ! ಏನಂತಾನೆ? ... ಇನ್ನೊಂದು ತೋಳೂ ಸುಡ್ತೀನಿ ಅಂದ್ನಾ? ಅನ್ಲಿ ಬಿಡೋ, ನೆಲದ ಮೇಲೆ ಬಿದ್ದಿರೋನು ಏನು ಮಾಡ್ತಾನೆ? ನೀನು ಹೊರಗೆ ಬಾ.

ಕೊಕ್ಕೆ ಎಲ್ಲಿದೆ? ... ಮತ್ತೆ ಕೈಗೆ ತಗೊಂಡ್ಯಾ? ಕೆಳಗಿಡು. ... ಕೆಳಗಿಡು ಅಂದೆ! ಈಗ ನಿನ್ನನ್ನ ಯಾರೂ ಸುಡ್ತಿಲ್ಲ. ನೋಡು, ಅಕ್ಕನ ಮಾತು ಕೇಳಿಸ್ತಿದೆ ತಾನೇ? ಕೇಳಿಸ್ತಿದೆ ಅಂದ್ರೆ ಯೋಚನೆ ಮಾಡೋಕೂ ಆಗುತ್ತೆ. ನಿನ್ನ ಕಾಲಿಗೆ ಬೀಳ್ತೀನಿ ಕಣೋ, ಬೇಡ... ಬೇಡ...

ಏನದು ಸದ್ದು? ... ಲೋ! ... ಇನ್ನೊಂದು ಏಟಾ? ... ತಮ್ಮಾ, ಇದನ್ನ ಕೈ ಮೇಲೆ ಹಾಕ್ಬೇಡ. ಇದನ್ನ ಹೊಡ್ದಿದ್ದು ನೀನೇ. ... ಹಲೋ? ... ಹಲೋ...