ಸಾವಿರದ ದಿನದ ಅನ್ನ

ಇದು ನಡೆದದ್ದು ೧೯೫೧ರ ಡಿಸೆಂಬರ್ ಐದರ ರಾತ್ರಿ, ಮಧ್ಯ ಜಾವಾದ ನಮ್ಮ ಊರಿನಲ್ಲಿ. ನಮ್ಮ ಪಕ್ಕದ ಮನೆಯ ಸರ್ಜೋನೋನಿಗೆ.

ಡಚ್ಚರ ವಿರುದ್ಧದ ಕಾಳಗದಲ್ಲಿ ಸತ್ತ ಊರಿನ ಹುಡುಗನೊಬ್ಬನ ಸಾವಿರದ ದಿನದ ಊಟ ಅಂದು; ನಮ್ಮಲ್ಲಿ ಸತ್ತವರಿಗೆ ಅದೇ ಕೊನೆಯ ತಿಥಿ. ಪ್ರಾರ್ಥನೆ ಮುಗಿದ ಮೇಲೆ, ಮನೆಗೆ ಒಯ್ಯಲೆಂದು ಎಲ್ಲರಿಗೂ ತೇಗದ ಎಲೆಯಲ್ಲಿ ಅನ್ನ ಕಟ್ಟಿ ಕೊಟ್ಟರು. ಹೊರಡುವಾಗ ಊರಿನ ಮುಖ್ಯಸ್ಥ ಸರ್ಜೋನೋನ ತೋಳು ಹಿಡಿದ.

"ನಾಳೆ ಡಚ್ಚರು ಬರ್ತಾರಂತೆ, ತಮ್ಮವರ ಮೂಳೆ ಹುಡುಕ್ಕೊಂಡು. ನಿಂಗೇನಾದ್ರೂ ಗೊತ್ತಾ?"

"ಇಲ್ಲ."

"ಹಾಗೇ ಹೇಳು. ಹೆಂಡ್ತಿ ಹತ್ರ ಬಾಯಿ ಬಿಡ್ಬೇಡ. ಅವಳ ಗಂಟಲು ಮಸೀದಿ ನಗಾರಿಗಿಂತ ಜೋರು."

ಸರ್ಜೋನೋ ನಗಲಿಲ್ಲ. ಅವನಿಗೆ ಗೊತ್ತಿತ್ತು.

ಊರಂಚಿನ ಬಾವಿಯ ಪಕ್ಕ ಕಾವಲು ಗುಡಿಸಲು. ಅದರ ಸೂರಿಗೆ ಪೊಳ್ಳು ಕೊರಡೊಂದನ್ನು ತೂಗುಹಾಕಿದೆ. ಬಿರಬಿರನೆ ಬಡಿದರೆ ಅಪಾಯ. ನಿಧಾನವಾಗಿ ಮೂರು ಪೆಟ್ಟು ಬಡಿದರೆ ಎಲ್ಲ ಕ್ಷೇಮ. ಯುದ್ಧದ ದಿನಗಳಲ್ಲಿ ಕಾವಲು ಸರ್ಜೋನೋನದು. ನೀರಿಗೆ ಬರುತ್ತಿದ್ದ ಯೋಪ್ ಎಂಬ ಇಪ್ಪತ್ತರ ಡಚ್ ಸಿಪಾಯಿಗೆ ಇದನ್ನು ಕಲಿಸಿದವನೂ ಅವನೇ. ಯೋಪ್ ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದ.

ಒಂದು ಸಂಜೆ ಯೋಪ್ ಸದ್ದಿಗೆ ಕಾಯುತ್ತ ದೂರದಲ್ಲೇ ನಿಂತ. ಮರಗೆಣಸಿನ ಹೊಲದಲ್ಲಿ ನಮ್ಮ ಹುಡುಗರು ಅಡಗಿದ್ದರು. ಸರ್ಜೋನೋ ನಿಧಾನವಾಗಿ ಮೂರು ಬಡಿದ. ಯೋಪ್ ಬಂದೂಕು ಹೆಗಲಿಗೇರಿಸಿ ನಗುತ್ತ ಬಂದ. ಗುಂಡು ತಗುಲಿ ಬಿದ್ದ ಮೇಲೂ ತಾನೊಂದು ಹಾರಿಸಿದ. ಅಂದು ಸತ್ತವರು ಇಬ್ಬರು. ಇಬ್ಬರಿಗೂ ಸಾವಿರದ ದಿನ ಇದೇ. ಅನ್ನ ಮಾತ್ರ ಒಬ್ಬನಿಗೆ.

ಯೋಪ್‌ನನ್ನು ಬಾವಿಯಾಚೆಯ ಬಿದಿರ ಮೆಳೆಯ ಕೆಳಗೆ ಹೂತವನು ಸರ್ಜೋನೋ. ಒಬ್ಬನೇ.

ಈಗ ಅನ್ನದ ಕಟ್ಟು ಹಿಡಿದು ಅದೇ ಬಾವಿ ದಾಟುತ್ತಿದ್ದ...

ಟೊಕ್.

ನಿಂತ.

ಟೊಕ್... ಟೊಕ್.

ಗುಡಿಸಲಲ್ಲಿ ಯಾರೂ ಇಲ್ಲ. ಕಾವಲಿನವರೆಲ್ಲ ಊಟದ ಮನೆಯಲ್ಲೇ ಇದ್ದರು. ಬಡಿಯುವ ಕೋಲು ಮೂಲೆಗೆ ಒರಗಿತ್ತು. ಬಾವಿಯೊಳಗೆ ಕೊಡ ಮುಳುಗಿದ ಸದ್ದು... ಗುಳುಂ. ಹಗ್ಗ ಅಲ್ಲಾಡಲಿಲ್ಲ.

"ಯೋಪ್...?" ಪಿಸುಗುಟ್ಟಿದ.

ಬಿದಿರಿನ ಕಡೆಯಿಂದ, ತೊದಲು ಜಾವಾ ಮಾತಿನಲ್ಲಿ...

"ಅಪ್ಪಾ... ಈಗ ಬರಲಾ?"

ಸರ್ಜೋನೋ ಅನ್ನದ ಕಟ್ಟನ್ನು ಬಾವಿಕಟ್ಟೆಯ ಮೇಲಿಟ್ಟ.

"ಇದು ನಿಂದೂ ಹೌದು, ಮಗಾ."

ಓಡಿದ.

ಬೆಳಿಗ್ಗೆ ಕಟ್ಟು ಅಲ್ಲಿರಲಿಲ್ಲ. ನಾಯಿ ಎಳೆದಿರಬೇಕು ಎಂದುಕೊಂಡ. ಡಚ್ಚರು ಬಂದರು, ಒಬ್ಬ ಅಧಿಕಾರಿ, ಇಬ್ಬರು ಅಗೆಯುವವರು.

"ನಮ್ಮೂರಲ್ಲಿ ಯಾರೂ ಇಲ್ಲ ಸ್ವಾಮಿ," ಎಂದ ಮುಖ್ಯಸ್ಥ.

"ಇದ್ದಾನೆ," ಎಂದ ಸರ್ಜೋನೋ. "ನಾನು ಕರೆದೆ. ಅದಕ್ಕೇ ಬಂದ."

ಮುಖ್ಯಸ್ಥ ಉಗಿದ. ಅಂದಿನಿಂದ ಊರಿನಲ್ಲಿ ಯಾರ ಮನೆಯ ಊಟಕ್ಕೂ ಸರ್ಜೋನೋನಿಗೆ ಕರೆಯಿಲ್ಲ.

ಗುಂಡಿಯ ಮೇಲೆ ಬಿದಿರ ಬೇರು ಬಲೆಯಂತೆ ಹೆಣೆದುಕೊಂಡಿತ್ತು. ಕೊಡಲಿಯಿಂದ ಕಡಿದು ಮುಗಿಸುವಷ್ಟರಲ್ಲಿ ಮಧ್ಯಾಹ್ನ. ಅಷ್ಟು ದಿನದಲ್ಲಿ ಅಲ್ಲಿ ಯಾರೂ ಅಗೆದಿರಲಿಲ್ಲ, ಅಗೆಯುವುದು ಸಾಧ್ಯವೂ ಇರಲಿಲ್ಲ. ಎದೆಮಟ್ಟದ ಆಳದಲ್ಲಿ ಮೂಳೆ ಸಿಕ್ಕಿತು. ಪಕ್ಕೆಲುಬಿನ ಮೇಲೆ ಒಂದು ತೇಗದ ಎಲೆ. ಹಸಿರು. ಕಟ್ಟು ಬಿಚ್ಚಿತ್ತು.

ನಂಬದಿದ್ದರೆ ಬಿಡಿ. ಗುಂಡಿಯ ಅಂಚಿನಲ್ಲಿ ನಾನೂ ಇದ್ದೆ. ಎಲೆಗೆ ಅಂಟಿ ಉಳಿದಿದ್ದ ಅಗುಳನ್ನು ಎಣಿಸಿದೆ.

ಏಳು.