ಬಾವಿಗೆ ಬಿಟ್ಟ ನಿರ್ಮಾಲ್ಯ

ಒಬ್ಬ ಹೆಂಗಸಿಗೆ ತನ್ನದು ಎನ್ನಲು ಒಂದು ಗಿಡವೂ ಇರಲಿಲ್ಲ. ನೋಡಿ, ಅವಳೇನು ಗಿಡ ಕಾಣದವಳಲ್ಲ. ಹದಿನೆಂಟು ವರ್ಷ ಒಂದು ನರ್ಸರಿಯಲ್ಲಿ ಕೂಲಿ ಮಾಡಿದವಳು. ಊರಿನ ಅರ್ಧ ಮನೆಗಳ ಮುಂದಿರುವ ದಾಸವಾಳ, ನಂದಬಟ್ಟಲು, ಕರಿಬೇವು ಎಲ್ಲ ಅವಳ ಕೈಯಲ್ಲೇ ಚಿಗುರಿದ್ದು. ಗಿಡ ಕೊಂಡವರಿಗೆ ಯಜಮಾನನ ಹೆಸರು ಗೊತ್ತು. ಅವಳ ಹೆಸರು ಯಾರು ಕೇಳಿದರು? ಈ ಸಭೆಯಲ್ಲಿ ಕಥೆ ಹೇಳುವ ನಮಗೂ ಗೊತ್ತಿಲ್ಲ.

ಯಜಮಾನ ದೊಡ್ಡ ದೈವಭಕ್ತ. ಪೂಜೆ ಮುಗಿಯದೆ ನರ್ಸರಿಯ ಗೇಟು ತೆಗೆಯುವವನಲ್ಲ. ಆದರೆ ಅಷ್ಟು ದೊಡ್ಡ ನರ್ಸರಿಯಲ್ಲಿ ಒಂದು ಗೊಬ್ಬರದ ಗುಂಡಿ ಇರಲಿಲ್ಲ. ತರಗೆಲೆ ಬಿದ್ದರೆ ಬೆಂಕಿ. ಸವರಿದ ಕಡ್ಡಿಗೆ ಬೆಂಕಿ. ಗಿಡ ತೆಗೆದ ಪ್ಲಾಸ್ಟಿಕ್ ಕವರಿಗೂ ಬೆಂಕಿ. ಎಲ್ಲ ಸುಟ್ಟು ಬೂದಿ ಮಾಡಿ, ಆಮೇಲೆ ಪೇಟೆಯಿಂದ ಲಾರಿಯಲ್ಲಿ ಗೊಬ್ಬರ ತರಿಸುತ್ತಿದ್ದ! ಮನೆಯಲ್ಲಿ ಕರೆದ ಹಾಲನ್ನು ಚರಂಡಿಗೆ ಸುರಿದು ಪಕ್ಕದ ಬೀದಿಗೆ ಹಾಲು ಕೊಳ್ಳಲು ಹೋಗುವವನನ್ನು ಏನೆಂದು ಕರೆಯುತ್ತೀರಿ? ಇವನನ್ನು ಊರವರು ಪ್ರಗತಿಪರ ಎಂದು ಕರೆದು ಶಾಲು ಹೊದಿಸಿದರು.

ಒಂದು ದಿನ ಸವರಿದ ಮಲ್ಲಿಗೆ ಕಡ್ಡಿಗೆ ಅವನು ಬೆಂಕಿ ಇಡಿಸಲು ಹೊರಟಾಗ ಹೆಂಗಸು ಅಡ್ಡ ಬಂದಳು.

"ಯಜಮಾನ್ರೇ, ಸುಡೋ ಬದ್ಲು ನಂಗೆ ಕೊಡಿ."

"ಒಲೆಗಾ?"

"ಒಲೆಗಲ್ಲ, ನೆಡಾಕೆ. ಹಳೇ ಕವರೂ ಕೊಡಿ, ತೊಳ್ಕೋತೀನಿ. ತರಗು ಹೆಂಗೂ ಬಿದ್ದೈತೆ."

ಯಜಮಾನ ನಕ್ಕ. "ನನ್ನ ಕಸದಲ್ಲೇ ನನ್ನ ಮೇಲೆ ಪೈಪೋಟಿಗೆ ಇನ್ನೊಂದು ನರ್ಸರಿ ಇಡ್ತೀಯೇನೆ? ತಗೊಂಡು ಹೋಗು."

ಅವಳು ನರ್ಸರಿಯ ಹಿಂದಿನ ಮೂಲೆಯಲ್ಲಿ ಸೊಂಟದಾಳದ ಗುಂಡಿ ತೋಡಿದಳು. ಒಂದು ವರಸೆ ತರಗು, ಒಂದು ವರಸೆ ಮಣ್ಣು, ಮೇಲೆ ಒಂದಿಷ್ಟು ಸಗಣಿ ನೀರು. ನಾಲ್ಕು ತಿಂಗಳಿಗೆ ಗುಂಡಿಯೊಳಗಿನದು ಕಾಫಿಪುಡಿಯ ಹಾಗೆ ಕಪ್ಪಾಯಿತು. ಅದನ್ನು ತೊಳೆದ ಕವರುಗಳಿಗೆ ತುಂಬಿ, ಆಗಷ್ಟೇ ಮತ್ತೆ ಸವರಿದ್ದ ಮಲ್ಲಿಗೆಯ ಮುನ್ನೂರ ನಲವತ್ತು ಕಡ್ಡಿ ಊರಿದಳು. ಬೆಂಕಿಗೆ ಹೋಗಬೇಕಿದ್ದ ಕಡ್ಡಿಗಳು ಬೇರು ಬಿಟ್ಟವು, ಎಲೆ ಬಿಟ್ಟವು. ಅವಳಪ್ಪ ಬಿಟ್ಟುಹೋದ ಎಂಟು ಗುಂಟೆ ಜಾಗ ಬರಿದಾಗಿ ಬಿದ್ದಿತ್ತು. ಮುಂಗಾರಿನ ಮೊದಲ ಹದಕ್ಕೆ ಅಲ್ಲಿ ನೆಡಬೇಕು, ಆಮೇಲೆ ಮೊಗ್ಗು ಬಿಡಿಸಿದರೆ ತನ್ನ ಗಿಡದ ಮೊಗ್ಗು ಬಿಡಿಸಬೇಕು, ಇನ್ನೊಬ್ಬರ ಗಿಡಕ್ಕೆ ನೀರು ಹೊತ್ತು ಸಾಯಬಾರದು. ಅಷ್ಟೇ ಅವಳ ಆಸೆ. ಇದು ಅತಿಯಾಸೆಯೇ? ನೀವೇ ಹೇಳಿ.

ರಾಮನವಮಿ ಬಂತು. ಯಜಮಾನ ನರ್ಸರಿಯಲ್ಲೇ ಚಪ್ಪರ ಹಾಕಿಸಿ ಒಂಬತ್ತು ದಿನ ಪೂಜೆ ಇಟ್ಟುಕೊಂಡ. ಊರೆಲ್ಲ ಹಾರ ತಂತು. ಎಂಥ ಹಾರ? ಬಾಳೆನಾರಿನಲ್ಲಿ ಕಟ್ಟಿದ್ದೇ? ಅಷ್ಟು ತಾಳ್ಮೆ ಯಾರಿಗಿದೆ! ಪ್ಲಾಸ್ಟಿಕ್ ದಾರ, ನಡುನಡುವೆ ಮಿಂಚುವ ಜರಿಪಟ್ಟಿ, ತುದಿಗೆ ಥರ್ಮೋಕೋಲಿನ ಗುಂಡು. ದಿನವೂ ಸಂಜೆ ಆ ಬಾಡಿದ ಹಾರಗಳನ್ನೆಲ್ಲ ಕ್ಯಾರಿಬ್ಯಾಗಿಗೆ ತುರುಕಿ, ಗಂಟು ಹಾಕಿ, ನರ್ಸರಿಯ ಬಾವಿಗೆ ಬಿಟ್ಟರು. ಏಕೆ? ದೇವರ ನಿರ್ಮಾಲ್ಯವನ್ನು ಯಾರೂ ತುಳಿಯಬಾರದು, ಅದಕ್ಕೆ.

ಹೆಂಗಸು ಕೇಳಿದಳು, "ದಾರ ಕಿತ್ತು ಹೂವ ಗುಂಡಿಗೆ ಹಾಕ್ತೀನಿ, ಕೊಡಿ ಯಜಮಾನ್ರೇ."

"ದೇವರ ಹೂವನ್ನ ಗೊಬ್ಬರ ಮಾಡ್ತೀಯಾ? ನಾಳೆ ಅದರ ಮೇಲೆ ಯಾವನಾದ್ರೂ ಕಾಲಿಟ್ರೆ ಆ ಪಾಪ ನಿಮ್ಮಪ್ಪ ಹೊರ್ತಾನಾ?"

"ಬಾವೀಲಿರೋ ಕಪ್ಪೆ ಮಾತ್ರ ತುಳೀಬೋದಾ?"

ಹಾರ ತಂದವರು ಗೊಳ್ಳೆಂದು ನಕ್ಕರು. ಯಜಮಾನನ ಮುಖ ಕೆಂಪಾಯಿತು. "ಬಾಯಿ ಜಾಸ್ತಿ ಆಯ್ತು ನಿಂದು. ನೀರು ಹಾಕೋಗು."

ನಕ್ಕರಲ್ಲ, ಅವರಾದರೂ ಸುಮ್ಮನಿದ್ದರೇ? ಮಾರನೆಯ ದಿನ ತಮ್ಮ ತಮ್ಮ ಮನೆಯ ದೇವರ ಕೋಣೆಯಲ್ಲಿ ಕೂಡಿಟ್ಟಿದ್ದನ್ನೂ ಗಂಟು ಕಟ್ಟಿ ತಂದು ಅದೇ ಬಾವಿಗೆ ಎಸೆದರು. ನಕ್ಕವರೇ ಎಸೆದರು.

ಪೂಜೆ ಮುಗಿದ ಎರಡನೆಯ ದಿನ ಆ ಬಾವಿಯ ಪಂಪು ನೀರೆತ್ತದೆ ಬರಿದೇ ಗೊರಗುಟ್ಟಿತು. ಯಾರೂ ನೋಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೋಟಾರು ಸುಟ್ಟುಹೋಯಿತು. ಚೈತ್ರದ ಬಿಸಿಲು, ಅಂಗೈಯಗಲದ ಕವರಿನಲ್ಲಿ ಹಿಡಿ ಮಣ್ಣು. ಎಷ್ಟು ದಿನ ತಡೆದೀತು? ಮೋಟಾರು ರಿಪೇರಿಗೆ ಹೋಯಿತು. ಬಾವಿ ಆಳ, ಸೇದಲು ರಾಟೆಯೂ ಇಲ್ಲ. ಬೀದಿ ನಲ್ಲಿಯಲ್ಲಿ ಮೂರು ದಿನಕ್ಕೊಮ್ಮೆ ನೀರು. ಹೆಂಗಸು ಅಲ್ಲಿಂದ ಬಿಂದಿಗೆ ಹೊತ್ತು ತಂದಳು.

"ಮೊದ್ಲು ಪಾಮ್ ಗಿಡಕ್ಕೆ ಹಾಕು," ಅಂದ ಯಜಮಾನ. "ಛತ್ರದವರು ಅದನ್ನ ತಗೊಳ್ಳೋಕೆ ಸೋಮವಾರ ಬರ್ತಾರೆ."

"ಹಿಂದ್ಗಡೆ ನನ್ನ ಕಡ್ಡಿಗೆ ಎರಡೇ ಬಿಂದಿಗೆ..."

"ಕಸದಿಂದ ಬಂದದ್ದಲ್ವೇನೆ? ಹೋದ್ರೆ ಕಸಕ್ಕೇ ಹೋಗ್ತದೆ."

ಕೂಲಿ ಮುಗಿಸಿದ ಮೇಲೆ ಅವಳು ಮನೆಯಲ್ಲಿ ಕುಡಿಯಲು ಇಟ್ಟಿದ್ದ ನೀರನ್ನೇ ಹೊತ್ತು ತಂದಳು. ಒಂದೊಂದು ಕವರಿಗೆ ಒಂದೊಂದು ಗುಟುಕು. ಎಲೆ ಮುದುರಿದವು, ಆಮೇಲೆ ಉದುರಿದವು. ಉಗುರಿನಿಂದ ಕಡ್ಡಿ ಕೆರೆದು ನೋಡಿದಳು, ಒಳಗೆ ಹಸಿರಿದೆಯೇ ಎಂದು. ದಿನವೂ ಕೆರೆದು ನೋಡಿದಳು.

ಆರನೆಯ ದಿನ ಬಾವಿಗಿಳಿಯುವವನೊಬ್ಬ ಸಿಕ್ಕಿದ. ಹಗ್ಗ ಹಿಡಿದು ಇಳಿದವನು ಒಳಗಿನಿಂದಲೇ ಕೂಗಿದ: "ಅಣ್ಣೋ, ಫುಟ್‌ವಾಲ್ವಿಗೇ ಹಾರ ಹಾಕಿದ್ದೀರಲ್ಲ! ಒಂದು ಮಂಗಳಾರತೀನೂ ಎತ್ತಬಾರ್ದಿತ್ತಾ?" ನೀರು ಹೀರುವ ಬಾಯಿಗೆ ದಾರ, ಜರಿ, ಕ್ಯಾರಿಬ್ಯಾಗು ಎಲ್ಲ ಹೆಣೆದುಕೊಂಡು ಕುತ್ತಿಗೆ ಹಿಸುಕಿದಂತೆ ಬಿಗಿದಿದ್ದವು. ನಲವತ್ತಕ್ಕೂ ಮಿಕ್ಕಿ ಗಂಟುಗಳನ್ನು ಮೇಲಕ್ಕೆಳೆದು ಬಾವಿಯ ಕಟ್ಟೆಯ ಬಳಿ ಎಸೆದರು. ಗಂಟು ಒಡೆದು ಕೊಳೆತ ಹೂವಿನ ಕಪ್ಪು ರಾಡಿ ನೆಲವೆಲ್ಲ ಹರಡಿತು. ಎಳೆದವರು ಅದರ ಮೇಲೆ ಓಡಾಡಿದರು, ನೋಡಲು ಬಂದವರೂ ಓಡಾಡಿದರು. ಯಜಮಾನ ಚಪ್ಪಲಿ ಹಾಕಿಕೊಂಡು ಬಂದು ನಿಂತ.

"ಯಜಮಾನ್ರೇ," ಅಂದಳು ಹೆಂಗಸು, "ಕಾಲು ನೋಡ್ಕಳಿ."

ಅವನು ನೋಡಿದ. ಪಾದದ ಕೆಳಗೆ ರಾಮನ ಹಾರ. ಕಾಲೆತ್ತಿ ಪಕ್ಕಕ್ಕಿಟ್ಟ. ಅಲ್ಲಿ ಇನ್ನೊಂದು ಹಾರ. ಆಗ ಆಕಾಶ ನೋಡಿ ಏನೆಂದ ಗೊತ್ತೇ? "ಎಲ್ಲ ಅವನಿಚ್ಛೆ" ಎಂದ!

ಅವನಿಚ್ಛೆಯಂತೆ! ಕ್ಯಾರಿಬ್ಯಾಗಿಗೆ ಗಂಟು ಹಾಕಿದವನು ರಾಮನೇ? ಬಾವಿಗೆ ಎಸೆದ ಕೈ ರಾಮನದೇ? ನೋಡಿ, ತಾವು ಮಾಡಿದ ಹೊಲಸನ್ನು ದೇವರ ತಲೆಗೆ ಕಟ್ಟಿ ಮನೆಗೆ ಹೋಗಿ ಉಂಡು ಮಲಗುವುದಕ್ಕೆ ನಾವು ಭಕ್ತಿ ಎಂದು ಹೆಸರಿಟ್ಟಿದ್ದೇವೆ. ಯಜಮಾನನನ್ನು ಬೈದರೆ ನಿಮಗೆ ಖುಷಿ, ನನಗೆ ಗೊತ್ತು. ತಲೆದೂಗುತ್ತಿದ್ದೀರಿ. ಇವತ್ತು ಈ ಸಭೆಗೆ ಹೂವನ್ನು ಎಂಥದರಲ್ಲಿ ಸುತ್ತಿ ತಂದಿರಿ? ಮೊನ್ನೆ ಹಬ್ಬದ ನಿರ್ಮಾಲ್ಯವನ್ನು ಎಲ್ಲಿ ಬಿಟ್ಟಿರಿ? ಕೆರೆಗೋ, ಕಾಲುವೆಗೋ, ಸೇತುವೆಯ ಮೇಲಿಂದ ಗಾಡಿಯನ್ನೂ ನಿಲ್ಲಿಸದೆಯೋ? ಈಗ ಯಾಕೆ ಯಾರ ತಲೆಯೂ ಆಡುತ್ತಿಲ್ಲ?

ನಾಳೆಯಿಂದಲೇ ಮಾಡಿ. ನಾರಿನಲ್ಲಿ ಕಟ್ಟಿದ ಹಾರವಿದ್ದರೆ ತನ್ನಿ, ಇಲ್ಲದಿದ್ದರೆ ಬಿಡಿ ಹೂವು ತನ್ನಿ, ಅದೂ ಇಲ್ಲದಿದ್ದರೆ ಬರಿಗೈಯಲ್ಲಿ ಬನ್ನಿ. ಬಾಡಿದ ಹೂವನ್ನು ಮಣ್ಣಿಗೆ ಕೊಡಿ. ಹಿತ್ತಿಲಿದ್ದರೆ ಗುಂಡಿ ತೋಡಿ, ಇಲ್ಲದವರು ಒಂದು ಒಡೆದ ಕುಂಡದಲ್ಲಿ ಮಣ್ಣು ಮುಚ್ಚಿಡಿ. ಮಣ್ಣಾದ ಮೇಲೆ ಅದರ ಮೇಲೆ ಕಾಲಿಟ್ಟರೆ ಯಾವ ಪಾಪವೂ ಇಲ್ಲ, ನೀವು ದಿನಾ ತುಳಿಯುವುದು ಇನ್ನೇನನ್ನು? ನರ್ಸರಿಯಿಂದ ಗಿಡ ತಂದವರು ಕವರನ್ನು ಹರಿಯದೆ ಬಿಡಿಸಿ, ತೊಳೆದು, ವಾಪಸು ಕೊಟ್ಟು ಬನ್ನಿ. ಎಲೆಗೆ ಬೆಂಕಿ ಇಡುವ ಕೈ ಕಂಡರೆ ಹಿಡಿದು ನಿಲ್ಲಿಸಿ. ಸರಿಯಾದ ಮಾತನ್ನು ಕೂಲಿಯವಳು ಹೇಳಿದರೂ ಕೇಳಿ. ನಕ್ಕು ಮುಂದೆ ಹೋಗಬೇಡಿ.

ಆ ಹೆಂಗಸು ಊರಿದ್ದು ಮುನ್ನೂರ ನಲವತ್ತು ಕಡ್ಡಿ. ಹನ್ನೊಂದು ಉಳಿದವು. ಮುನ್ನೂರ ಇಪ್ಪತ್ತೊಂಬತ್ತು ಒಣಗಿದವು.