ವಿದ್ಯಾನಿಧಿಯವನು ವಿಚಾರಿಸಿಕೊಂಡು ಹೋದದ್ದು

ಹೊನ್ಮಾ! ಹೊನ್ಮಾನೇ ಕಣೋ, ದವ್ರೋನ್. ಇನ್ಯಾರು? ನಿನ್ನ ವಿದ್ಯಾರ್ಥಿವೇತನ ತಪ್ಪಿಸಿದವನು ಆ ಅಕ್ಕಿ ಹೆಂಡ, ಸಾಕೆ, ಮಾಡೋ ಹೊನ್ಮಾ. ನನಗೆ ಅನುಮಾನವೇ ಇಲ್ಲ.

ಯಾಕೆ ನಿಂತಿದ್ದೀಯ? ಕೂತ್ಕೋ. ಕಾಲು ಮೇಜಿನ ಕೆಳಗೆ ಹಾಕು, ಒಲೆ ಹಚ್ಚಿದೆ, ಬೆಚ್ಚಗಿದೆ... ಬೇಡವಾ? ಹಾಗಾದರೆ ನಿಂತಿರು. ತಲೆ ಬಗ್ಗಿಸು, ದೀಪಕ್ಕೆ ತಗಲುತ್ತೆ. ಉಜ್ಬೆಕರೆಲ್ಲ ಹೀಗೇ ಉದ್ದವೋ, ನೀನೊಬ್ಬನೇಯೋ...

ನಗಲಿಲ್ಲ. ಸರಿ. ನಗೋ ದಿನ ಅಲ್ಲ.

ಪ್ರೊಫೆಸರ್ ಏನಂದ್ರು? 'ಈ ಸಲ ಆಗಲಿಲ್ಲ, ತುಂಬ ವಿಷಾದ' ಅಂತಲಾ? ಅಷ್ಟೇನಾ? ಕಾರಣ? ... ಹೇಳಲಿಲ್ಲ. ಹೇಳಲ್ಲ. ನಮ್ಮ ಜಪಾನಿನವರು ಕಾರಣ ಹೇಳಲ್ಲ ಕಣೋ. ನಾವೇ ತಿಳ್ಕೋಬೇಕು. ನಾನು ತಿಳ್ಕೊಂಡಿದ್ದೀನಿ. ಅದಕ್ಕೇ ನಿನ್ನನ್ನ ಮಹಡಿಯಿಂದ ಕೆಳಗೆ ಕರೆದದ್ದು.

ನೀನು ನನ್ನ ಮಹಡಿಗೆ ಬಾಡಿಗೆಗೆ ಬಂದಾಗಿನಿಂದ ನೋಡ್ತಿದ್ದೀನಿ. ನಾನು ಮಾತಾಡಲ್ಲ, ನೋಡ್ತೀನಿ. ಬೆಳಗಾದರೆ ರೇಷ್ಮೆಹುಳ, ಸಂಜೆಯಾದರೆ ರೇಷ್ಮೆಹುಳ. ರೋಗ ತಡೆಯೋ ತಳಿ ಅಂತೀಯಲ್ಲ, ಅದು ಕೈಗೆ ಬರೋ ಹೊತ್ತಿಗೆ ಸರಕಾರದ ವಿದ್ಯಾರ್ಥಿವೇತನದ ಅವಧಿ ಮುಗೀತು. ಇನ್ನೆರಡು ವರ್ಷ ಇಲ್ಲಿರೋದಕ್ಕೆ ಈ ವಿದ್ಯಾನಿಧಿ ಒಂದೇ ದಾರಿ. ಅದೂ ಇಲ್ಲ ಅಂದ್ರೆ ಮಾರ್ಚ್ ಕೊನೆಗೆ ನಿನ್ನೂರು ಮರ್ಗಿಲಾನಿಗೆ ವಾಪಸ್ಸು. ನೀನು ಹೋದರೆ ಆ ಹುಳಗಳಿಗೆ ಸೊಪ್ಪು ಹಾಕೋರು ಯಾರೂ ಇಲ್ಲ. ತಳಿ ಅಲ್ಲಿಗೆ ಸತ್ತುಹೋಗುತ್ತೆ. ಗೊತ್ತು. ಎಲ್ಲಾ ಗೊತ್ತು ನನಗೆ.

ಅದಕ್ಕೇ ಕೇಳು. ಮೊದಲು ನನಗೆ ಅನುಮಾನ ಬಂದದ್ದು ನಿನ್ನ ಲ್ಯಾಬಿನ ಆ ಕನ್ನಡಕದ ಹುಡುಗಿ ಮೇಲೆ. ನೀನು ಊರಿಂದ ತಂದ ಒಣದ್ರಾಕ್ಷಿಗೆ ಅವಳು ಎಷ್ಟು ಸಲ ಧನ್ಯವಾದ ಹೇಳಿದಳು! ಅತಿ. ಅಷ್ಟು ಧನ್ಯವಾದ ಹೇಳೋರನ್ನ ನಾನು ನಂಬಲ್ಲ. ಏನು? ಹೇಳದವರನ್ನೂ ನಂಬಲ್ಲ, ಹೌದು. ನಾನು ಯಾರನ್ನೂ ನಂಬಲ್ಲ. ಬದುಕಿದ್ದೀನಿ ನೋಡು.

ಆದರೆ ಅವಳಲ್ಲ. ನಿನ್ನೆ ಕ್ಷೌರದಂಗಡಿಯಲ್ಲಿ ವಿಷಯ ಗೊತ್ತಾಯ್ತು. ಈ ವಿದ್ಯಾನಿಧಿಯವರದೊಂದು ಪದ್ಧತಿಯಂತೆ. ಸಂದರ್ಶನ ಆದಮೇಲೆ ನಿನ್ನಂಥವನು ಊರಿನ ಒಬ್ಬರ ಹೆಸರು ಕೊಡಬೇಕಂತೆ. ಕಾಲೇಜಿನವರಲ್ಲ, ಊರಿನವರು. ನಿನ್ನನ್ನ ಹತ್ತಿರದಿಂದ ಬಲ್ಲವರು. ಒಬ್ಬರೇ. ಆ ಒಬ್ಬರಿಗೆ ನೀನು ಹೇಳಕೂಡದಂತೆ, ವಿದ್ಯಾನಿಧಿಯವನೂ ಹೇಳಲ್ಲವಂತೆ. ಸುಮ್ಮನೆ ಬಂದು, ಚಹಾ ಕುಡಿದು, ಹಿಮದ ಬಗ್ಗೆ ನಾಲ್ಕು ಮಾತಾಡಿ, ನಡುವೆ ಕೇಳ್ತಾನಂತೆ, ಹುಡುಗ ಹೇಗೆ ಅಂತ. ಆ ಒಬ್ಬರು ಹೇಳಿದ್ದೇ ಕೊನೆ. ಪ್ರೊಫೆಸರ್ ಹೊಗಳಿದ್ದೆಲ್ಲ ನೀರಿಗೆ.

ಕ್ಷೌರದವನು ಇದನ್ನ ಹೇಳಿದಾಗ ನನಗೆ ಥಟ್ಟನೆ ಹೊಳೀತು. ಹೊನ್ಮಾ!

ಒಳಗೆ ಯಾಕೆ ಕೆಮ್ತೀಯ, ಫುಮಿ? ನೀರು ಕುಡಿ. ... ನನ್ನ ಹೆಂಡತಿ. ಎರಡು ದಿನದಿಂದ ಹೀಗೇ. ನನ್ನ ಜೊತೆ ಮಾತಿಲ್ಲ, ಬರೀ ಕೆಮ್ಮು.

ಎಲ್ಲಿದ್ದೆ? ಹಾಂ, ಹೊನ್ಮಾ. ನೀನು ಅವನ ಹೆಸರೇ ಕೊಟ್ಟಿರ್ತೀಯ. ಹೇಳಬೇಡ, ಹೇಳಕೂಡದು ಅಂತ ಗೊತ್ತು. ನಾನೇ ಹೇಳ್ತೀನಿ. ಕುಡಿಯದವನು ನೀನು. ಸಾಕೆ ಮಾಡೋನ ಮನೆಗೆ ಭಾನುವಾರ ಭಾನುವಾರ ಹೋಗಿ ಅಷ್ಟು ಹೊತ್ತು ಕೂತಿರ್ತಿದ್ದೆಯಲ್ಲ, ಯಾಕೆ? ... ಹಳೇ ರೇಷ್ಮೆ ಸಾಮಾನಾ? ಅವನ ಉಗ್ರಾಣದಲ್ಲಿ ಬಿದಿರಿನ ತಟ್ಟೆಗಳಿವೆಯಾ? ಬಿದಿರಿನ ತಟ್ಟೆ ನನ್ನ ಅಟ್ಟದಲ್ಲೂ ಇದೆ ಮಾರಾಯ! ನೀನು ಕೇಳಲಿಲ್ಲ. ನಾನು ಹೇಳಲಿಲ್ಲ.

ಸಂದರ್ಶನಕ್ಕೆ ಹೋದೆಯಲ್ಲ, ಯಾರ ಕೋಟು ಅದು? ಕಪ್ಪು ಕೋಟು, ನೀಲಿ ಟೈ... ಹೊನ್ಮಾನದು. ಅವನೇ ರಸ್ತೆಯಲ್ಲಿ ನಿಲ್ಲಿಸಿಕೊಂಡು ನಿನಗೆ ಟೈ ಕಟ್ಟಿದ. ಮಗನಿಗೆ ಕಟ್ಟೋ ಹಾಗೆ. ಇಡೀ ಬೀದಿ ನೋಡ್ತು. ನಾನು ಹಿಮ ಎತ್ತುತ್ತಾ ಇದ್ದೆ. ನಾನೂ ನೋಡಿದೆ. ನನ್ನ ಬೀರುವಿನಲ್ಲಿ ಕೋಟಿಲ್ಲವೇನೋ?

ಏನು, ತೋಳು ಬರಲ್ಲವಾ? ... ಬರಲ್ಲ. ಮೊಣಕೈಗೆ ನಿಲ್ಲುತ್ತೆ. ಅದು ಸರಿ. ಆದರೂ ಕೇಳಬಹುದಿತ್ತು.

ಹೋಗಲಿ. ಕೋಟಿನ ಮಾತಲ್ಲ ಇದು. ವಿದ್ಯಾನಿಧಿಯವನು ಬಂದ ದಿನ ಹೊನ್ಮಾನ ಅಂಗಡಿಯಿಂದ ಹೊರಗೆ ಬರ್ತಿದ್ದದ್ದನ್ನ ನಾನು ಕಣ್ಣಾರೆ ಕಂಡೆ. ಹೊನ್ಮಾ ಬಾಗಿಲ ತನಕ ಬಂದು ಬಗ್ಗಿ ಬಗ್ಗಿ ನಮಸ್ಕಾರ ಮಾಡ್ತಿದ್ದ. ಒಳಗೆ ಏನು ಹೇಳಿದನೋ! ಕೆಟ್ಟದ್ದು ಹೇಳಿರಲ್ಲ. ನೀನು ಹೊರಗಿನವನು, ನಿನಗೆ ಇದು ಗೊತ್ತಾಗಬೇಕು. ನಮ್ಮ ಕಡೆ ಬಾಯಿಬಿಟ್ಟು ಯಾರೂ ಯಾರನ್ನೂ ದೂರಲ್ಲ. 'ಹುಡುಗ ಹೇಗೆ?' ಅಂತ ಕೇಳಿದರೆ, ಹೀಗೆ, ಹಲ್ಲಿನ ಸಂದಿಯಿಂದ ಉಸಿರು ಎಳ್ಕೋತಾರೆ... ಸ್ಸ್ಸ್... ಕತ್ತು ಸ್ವಲ್ಪ ಓರೆ ಮಾಡ್ತಾರೆ. 'ಹೇಗೆ ಅಂತ ಹೇಳೋದು...' ಅಂತಾರೆ. ಮುಂದೆ ಒಂದಕ್ಷರ ಇಲ್ಲ. ಕೇಳಿದವನಿಗೆ ಅರ್ಥ ಆಗುತ್ತೆ. ಚಹಾ ಮುಗಿಸ್ತಾನೆ, ಎದ್ದು ಹೋಗ್ತಾನೆ. ಅಷ್ಟೇ. ಮನುಷ್ಯನ ಕಥೆ ಮುಗೀತು.

ಹೊನ್ಮಾ ಹಾಗೇ ಮಾಡಿರ್ತಾನೆ. ವಿದ್ಯಾನಿಧಿಯ ಆ ಬೂದು ಕೋಟಿನ ಸಣ್ಣ ಆಸಾಮಿ ತಲೆ ಆಡಿಸಿರ್ತಾನೆ. ಪಾಪ, ಅವನಿಗೆ ಏಳೋಕೂ ಆಗಲಿಲ್ಲ, ನೆಲದ ಮೇಲೆ ಕಾಲು ಮಡಿಚಿ ಕೂತು ಕೂತು ಬಲಗಾಲು ಜೋಮು ಹಿಡಿದು, ಗೋಡೆ ಹಿಡ್ಕೊಂಡು...

ಏನು?

ನನಗೆ ಹೇಗೆ ಗೊತ್ತು ಅಂದ್ರೆ... ಕಂಡೆ. ಕಿಟಕಿಯಿಂದ. ದಾರಿಯಲ್ಲಿ ಹೋಗ್ತಾ.

ಹೊನ್ಮಾನ ಅಂಗಡಿಯಲ್ಲಿ ಕುರ್ಚಿ ಇವೆ ಅಂತೀಯಾ? ಇವೆ. ಕುರ್ಚಿಗಳೇ. ಕುರ್ಚಿ ಮೇಲೆ ಕೂತರೂ ಕೆಲವರಿಗೆ ಜೋಮು ಹಿಡಿಯುತ್ತೆ ಕಣೋ!

ಕೆಮ್ಮಬೇಡ ಕಣೇ ಅಂದೆ!

... ಸರಿ. ಬಂದಿದ್ದ. ಇಲ್ಲಿಗೂ ಬಂದಿದ್ದ. ಹೊನ್ಮಾನ ಅಂಗಡಿಯಿಂದ ನೇರವಾಗಿ ಇಲ್ಲಿಗೇ ಬಂದ. ಈಗ ನೀನು ನಿಂತಿದ್ದೀಯಲ್ಲ, ಅಲ್ಲೇ ಕೂತಿದ್ದ. ಫುಮಿ ಚಹಾ ಕೊಟ್ಟಳು, ಕೆಂಪು ಮೂಲಂಗಿ ಉಪ್ಪಿನಕಾಯಿ ಕೊಟ್ಟಳು. ಅದಕ್ಕೇನಂತೆ? ಮನೆ ಬಾಡಿಗೆಗೆ ಕೊಟ್ಟವನು ಅಂತ ನೆಪಕ್ಕೆ ಬಂದಿದ್ದ. ಮುಖ್ಯವಾದ ಮಾತು ಅಲ್ಲೇ ಹೊನ್ಮಾನ ಹತ್ತಿರ ಮುಗಿಸಿಕೊಂಡು ಬಂದಿದ್ದ. ನನ್ನ ಮಾತಿಗೆ ಏನು ಬೆಲೆ? ನಾನೇನು ನಿನಗೆ ಟೈ ಕಟ್ಟಿದವನಾ?

ಯಾಕೆ ಮೊದಲೇ ಹೇಳಲಿಲ್ಲ ಅಂತೀಯಾ? ಹೇಳೋವಂಥದ್ದೇನಿತ್ತು! ನಾನು ನಿನ್ನ ಬಗ್ಗೆ ಒಂದು ಕೆಟ್ಟ ಮಾತು ಆಡಿಲ್ಲ ದವ್ರೋನ್. ಆಣೆ ಮಾಡ್ತೀನಿ. ಒಂದೇ ಒಂದು ಮಾತು ಆಡಿಲ್ಲ. ಅವನು ಕೇಳಿದ. ನಾನು... ಏನೂ ಹೇಳಲಿಲ್ಲ.

ಏನೂ ಹೇಳಲಿಲ್ಲ ಅಂದ್ರೆ ಏನೂ ಹೇಳಲಿಲ್ಲ! ಹಾಗೆ ನೋಡಬೇಡ.

ನಾನು ನಿನಗೆ ಕೆಟ್ಟದ್ದು ಬಯಸ್ತೀನಾ? ಯೋಚಿಸು. ಶರತ್ಕಾಲದಲ್ಲಿ ನದಿ ದಂಡೆಯಲ್ಲಿ ಕೆಸುವಿನಗೆಡ್ಡೆ ಸಾರು ಮಾಡಿದೆವಲ್ಲ, ಈ ಶೋನಾಯ್ ಬಯಲಲ್ಲಿ ಹುಟ್ಟಿದವನು ಅದಕ್ಕೆ ಹಂದಿಮಾಂಸ ಬಿಟ್ಟು ಇನ್ನೊಂದು ಹಾಕಿದ್ದುಂಟಾ? ನೀನು ತಿನ್ನಲ್ಲ ಅಂತ ನಾನು ಬೆಟ್ಟದಾಚೆಯವರ ಹಾಗೆ ದನದ ಮಾಂಸ ಹಾಕಿಸಿದೆ. ನೀನು ಹೇಳಿದ ಹಲಾಲ್ ಅಂಗಡಿಯಿಂದಲೇ ತಂದದ್ದು. ಬೀದಿಯವರೆಲ್ಲ ಸೇರಿಕೊಂಡು ನಕ್ಕರು. 'ಏನ್ರೀ ತೊಗಾಶಿ, ಮುದಿ ವಯಸ್ಸಲ್ಲಿ ಬೆಟ್ಟದಾಚೆಯವರ ಕಡೆ ಸೇರಿಬಿಟ್ರಾ? ಅವರ ಸಾರು ಕುಡೀತಿದ್ದೀರಾ?' ಅಂದರು. ಜೋರಾಗಿ ನಕ್ಕವನು ಹೊನ್ಮಾ! ನಾನು ನುಂಗಿಕೊಂಡೆ. ಯಾರಿಗೋಸ್ಕರ? ನಿನಗೋಸ್ಕರ. ಅದನ್ನ ನೀನು ಮರೆತೆ. ಅವನ ಹೆಸರು ಕೊಟ್ಟೆ.

ಯಾಕೆ ತಲೆ ಅಲ್ಲಾಡಿಸ್ತೀಯ?

ಕೊಡಲಿಲ್ಲವಾ? ... ಹೊನ್ಮಾನ ಹೆಸರು ಕೊಡಲಿಲ್ಲವಾ? ಸುಳ್ಳು. ಮತ್ತೆ ಆ ಆಸಾಮಿ ಅವನ ಅಂಗಡಿಗೆ ಯಾಕೆ ಹೋಗಿದ್ದ? ... ದಾರಿ ಕೇಳೋಕಾ? ಯಾರ ಮನೆಗೆ ದಾರಿ?

ಯಾರ ಮನೆಗೆ ಅಂದೆ.

ಪ್ರೊಫೆಸರ್ ಹೆಂಡತಿ ಇರಬೇಕು, ಆ ಪಿಯಾನೋ ಕಲಿಸೋರು. ಅಲ್ಲವಾ? ಅಂಚೆಯವನು? ಅಲ್ಲ. ಮತ್ತೆ ಯಾರಪ್ಪಾ? ಈಗ ಎಲ್ಲ ಮುಗಿದಿದೆಯಲ್ಲ, ಈಗ ಹೇಳಬಹುದು. ಯಾರ ಹೆಸರು ಕೊಟ್ಟೆ? ಬಾಯಿ ಬಿಡು!

... ನನ್ನೇ ಯಾಕೆ ನೋಡ್ತೀಯ?

ದವ್ರೋನ್. ನನ್ನೇ ಯಾಕೆ ನೋಡ್ತೀಯ?

ಇಲ್ಲ.

ಇಲ್ಲ ಇಲ್ಲ. ಹಾಗಾಗಿರಲ್ಲ. ನನ್ನ ಹೆಸರು ಯಾಕೆ ಕೊಡ್ತೀಯ ನೀನು? ನಾನೇನು ನಿನ್ನ ಜೊತೆ ಎರಡು ಮಾತು ಆಡಿದವನಾ? 'ಮೆಟ್ಟಿಲ ಹಿಮ ತೆಗಿ', 'ಒಲೆ ಆರಿಸು', ಇಷ್ಟೇ ತಾನೇ ನಾನು ನಿನಗೆ ಹೇಳಿದ್ದು? ಅಷ್ಟಕ್ಕೆ ಯಾರಾದರೂ... ಒಂದೇ ಹೆಸರು ಇರೋವಾಗ...

ಬಂದವನು ಹೇಳಬಾರದಿತ್ತಾ! 'ಹುಡುಗ ನಿಮ್ಮ ಹೆಸರು ಕೊಟ್ಟಿದ್ದಾನೆ' ಅಂತ ಒಂದು ಮಾತು! ಎಂಥಾ ಪದ್ಧತಿ ಇದು, ಎಂಥಾ ಹಾಳು ಪದ್ಧತಿ! ಹೇಳಿದ್ದರೆ ನಾನು... ಹೇಳಿದ್ದರೆ...

ಕೇಳಿಲ್ಲಿ. ನಮ್ಮಲ್ಲಿ ಇನ್ನೊಂದಿದೆ. ಮನೆಯವರನ್ನ ಹೊರಗಿನವರ ಮುಂದೆ ಹೊಗಳಲ್ಲ. ನನ್ನ ಮಗಳ ಬಗ್ಗೆ ಕೇಳಿದರೂ ನಾನು ಹಾಗೇ ಅಂತಿದ್ದೆ, ಅಯ್ಯೋ, ದಡ್ಡಿ, ಏನೂ ಬರಲ್ಲ ಅಂತ. ನೀನು ಮನೆಯವನು ಅಂತಲೇ ನಾನು... ಅದಕ್ಕೇ ಉಸಿರು ಎಳ್ಕೊಂಡು, ಕತ್ತು... ಫುಮಿ, ನೀನಾದರೂ ಹೇಳೇ! ನಮ್ಮಲ್ಲಿ ಹಾಗೇ ಅಲ್ಲವಾ? ...

ಈಗ ಕೆಮ್ಮಲ್ಲ ಅವಳು.

ಅವಳೇ ಹೇಳಿದಳಾ ನಿನಗೆ? ... ನೀನು ಕೆಳಗೆ ಬರೋ ಮೊದಲೇ ಗೊತ್ತಿತ್ತಾ? ಎಲ್ಲಾ ಗೊತ್ತಿದ್ದೂ ನಾನು ಹೊನ್ಮಾ ಹೊನ್ಮಾ ಅಂತ ಕೂಗೋದನ್ನ ಕೇಳ್ತಾ ನಿಂತಿದ್ದೆಯಾ? ಬೈಯಬಾರದಿತ್ತಾ! ಈಗಲಾದರೂ ಬೈ. ನಿಮ್ಮ ಭಾಷೆಯಲ್ಲಿ ಬೈ, ನನಗೆ ಅರ್ಥ ಆಗಲ್ಲ, ಜೋರಾಗಿ ಬೈ.

ಇರು. ಫೋನ್ ಮಾಡ್ತೀನಿ. ಈಗಲೇ. ಆ ಬೂದು ಕೋಟಿನವನ ಕಾರ್ಡು ಇಲ್ಲೇ ಇದೆ. ಹೇಳ್ತೀನಿ, ಇಂಥಾ ಹುಡುಗ ಇನ್ನೊಬ್ಬ ಸಿಗಲ್ಲ ಅಂತ. ಒಂದು ಗಂಟೆ ಮಾತಾಡ್ತೀನಿ ಬೇಕಾದರೆ. ಈ ಜನ್ಮದಲ್ಲಿ ಆಡದೇ ಇದ್ದದ್ದೆಲ್ಲ ಆಡ್ತೀನಿ...

ಬೇಡವಾ? ಯಾಕೆ?

ಇನ್ನೊಬ್ಬನಿಗೆ ಕೊಟ್ಟಾಯ್ತಾ? ಇವತ್ತೇನಾ? ... ಆ ಲಾವೋಸಿನ ವಿದ್ಯಾರ್ಥಿಗೆ.

ಹೊನ್ಮಾ ಒಳ್ಳೇ ಮಾತು ಹೇಳಿದನಾ, ಅವನ ಬಗ್ಗೆ? ಅವನು ಕೊಟ್ಟದ್ದು ಹೊನ್ಮಾನ ಹೆಸರಾ? ... ಹೂಂ.

ಯಾಕೆ ಬಗ್ತೀಯ? ಬೇಡ, ನಮಸ್ಕಾರ ಮಾಡಬೇಡ. ಅಷ್ಟು ಬಗ್ಗಬೇಡ ಕಣೋ, ನನಗೆ ನೋಡೋಕಾಗಲ್ಲ. ಹಣೆ ಮೇಜಿಗೆ ತಗಲುತ್ತೆ... ದವ್ರೋನ್! ಇವತ್ತೇ ಮನೆ ಬಿಡೋದು ಯಾಕೆ? ಮಾರ್ಚ್ ಕೊನೆ ತನಕ ಇರಬಹುದಲ್ಲ! ಯಾರ ಮನೆಗೆ? ಏನಾದರೂ ಹೇಳಿ ಹೋಗು!

...

ಫುಮಿ. ಹೋದ ಕಣೇ.

ಏನೂ ಹೇಳಲಿಲ್ಲ.